ಮಗ್ಗದ ಕುಣಿಗೆ ಜಿಗಿಸುತ್ತಿದ್ದ ರೇಣವ್ವ

ರೇಣವ್ವನನ್ನು ನಾನು ಹನ್ನೊಂದು ವರ್ಷ ಬೈದಿದ್ದೇನೆ. ಮೊದಲ ಆರು ವರ್ಷ ಮನಸಾರೆ ಬೈದೆ, ಆಮೇಲಿನ ಐದು ವರ್ಷ ಬರೀ ಚಾಳಿಗೆ ಬಿದ್ದು ಬೈದೆ. ಎರಡು ಸಾವಿರದ ಎಂಟರಲ್ಲಿ ಆಕೆ ತೀರಿಕೊಂಡಳು. ಬೈಸಿಕೊಂಡು ನಗುವವರು ಈಗ ನನಗೆ ಯಾರೂ ಉಳಿದಿಲ್ಲ.

ನಾನು ಜಯಶ್ರೀ. ಇಳಕಲ್ಲಿನ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ನರ್ಸ್ ಆಗಿದ್ದೆ, ದವಾಖಾನೆಯ ಹೆಸರು ಈಗ ಬೇಡ. ನರ್ಸಬಾಯಿಯ ಸೂಜಿಗಿಂತ ಬಾಯಿ ಚುಚ್ಚುತ್ತದೆ ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು, ಸುಳ್ಳೇನಲ್ಲ. ರೇಣವ್ವ ನೇಕಾರರ ಓಣಿಯಲ್ಲಿ ಬಟ್ಟಿ ತಿಕ್ಕುವವಳು. ನಮ್ಮ ಕಡೆ ಮಗುವಿಗೆ ಹೊಟ್ಟೆ ನೋವು ಬಂದರೆ ಹೊಕ್ಕುಳ ಕೆಳಗಿನ ಮಿಡಿತ ಜಾಗ ಬಿಟ್ಟಿದೆ, ಬಟ್ಟಿ ಸರಿದಿದೆ ಎನ್ನುತ್ತಾರೆ. ಹರಳೆಣ್ಣೆ ಹಚ್ಚಿ ತಿಕ್ಕಿ ಅದನ್ನು ಮತ್ತೆ ಜಾಗಕ್ಕೆ ಕೂರಿಸುತ್ತಾರಂತೆ. ನಾನು ಓದಿದ ಪುಸ್ತಕದಲ್ಲಿ ಬಟ್ಟಿಯೂ ಇಲ್ಲ, ಅದು ಸರಿಯುವುದೂ ಇಲ್ಲ. ಎಣ್ಣೆ ಮೆತ್ತಿದ ಹೊಟ್ಟೆ ಹೊತ್ತು ಮಕ್ಕಳು ನಮ್ಮಲ್ಲಿಗೆ ಬಂದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದಕ್ಕಿಂತ ಉರಿಸಿದ್ದು ಇನ್ನೊಂದು ಸುದ್ದಿ. ಎಣ್ಣೆ ಮುಟ್ಟುವ ಮೊದಲು ಆಕೆ ಮಕ್ಕಳನ್ನು ಮಗ್ಗದ ಕುಣಿಗೆ ಜಿಗಿಸುತ್ತಾಳೆ ಎಂದು ಯಾರೋ ಹೇಳಿದರು. ನೇಕಾರ ದಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟು ನೇಯುವ ಕುಣಿ ಅದು, ಒಂದೂವರೆ ಮೊಳ ಆಳ. ರೇಣವ್ವನ ಗಂಡ ಸತ್ತು ಮಗ್ಗ ನಿಂತಿತ್ತು. ಆದರೆ ಕುಣಿ ಮುಚ್ಚಿಸಿರಲಿಲ್ಲ. ಹೊಟ್ಟೆ ನೋಯುವ ಕೂಸನ್ನು ಅದರ ದಂಡೆಗೆ ನಿಲ್ಲಿಸಿ "ಜಿಗಿ" ಎನ್ನುತ್ತಿದ್ದಳು.

ನಾನು ಆಕೆಯ ಮನೆಗೇ ಹೋಗಿ ಬೈದು ಬಂದೆ. ಕೂಸು ಕಾಲು ಮುರಿದುಕೊಂಡರೆ ನೀನು ಕಟ್ಟುತ್ತೀಯಾ, ನಿನ್ನ ಮೇಲೆ ಕಂಪ್ಲೇಂಟ್ ಕೊಡುತ್ತೇನೆ, ಇನ್ನೂ ಏನೇನೋ. ಆಕೆ ಉಳ್ಳಾಗಡ್ಡಿ ಹೆಚ್ಚುವುದನ್ನು ನಿಲ್ಲಿಸಲೇ ಇಲ್ಲ. "ನಿಮ್ಮ ಡಾಕ್ಟರ ಒತ್ತಿ ನೋಡ್ತಾರ, ನಾ ಜಿಗಿಸಿ ನೋಡ್ತೇನಿ. ಚಾ ಕುಡೀತೀರೇನ್ರಿ ಬಾಯಾರ?" ಎಂದಳು. ನಾನು ಚಹಾ ಕುಡಿಯದೆ ಬಂದೆ. ಜಿಗಿದವರಿಗೆ ಎಣ್ಣೆ, ಜಿಗಿಯಲಾಗದವರನ್ನು ಆಕೆ ಬೆರಳಿನಿಂದಲೂ ಮುಟ್ಟದೆ ದವಾಖಾನೆಗೆ ಅಟ್ಟುತ್ತಾಳೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು, ನಾನು ಕೇಳಲಿಲ್ಲ.

ಓಣಿಯ ಯಾವ ಮನೆಯಲ್ಲಿ ಹೊಡೆತ ನಡೆಯುತ್ತದೆ ಎಂಬುದು ಆಕೆಗೆ ಮಕ್ಕಳ ಹೊಟ್ಟೆಯಿಂದಲೇ ತಿಳಿಯುತ್ತಿತ್ತು. ಅಂಜಿದ ಕೂಸಿನ ಹೊಟ್ಟೆ ಹೊಕ್ಕುಳ ಸುತ್ತ ಗಂಟಾಗಿರುತ್ತದೆ, ತಿಕ್ಕುತ್ತ ಮಾತಾಡಿಸುತ್ತ ಹೋದರೆ ಸಡಿಲಾಗುತ್ತದೆ ಎನ್ನುತ್ತಿದ್ದಳು. ಅದಕ್ಕೆ ಆಕೆ ಇಟ್ಟ ಹೆಸರು ಅಂಜಿಕೆ ನೋವು. ಅಂಥ ಹೊಟ್ಟೆಗಳಲ್ಲಿ ಆಕೆಯ ಕೈಗೆ ಹೆಚ್ಚು ಸಿಕ್ಕಿದ್ದು ಚೇತನಾಳದು.

ಚೇತನಾ ಎರಡು ಮನೆ ಆಚೆಯ ಗುರಲಿಂಗಪ್ಪನ ಮಗಳು, ಒಂಬತ್ತು ವರ್ಷದವಳು. ಗುರಲಿಂಗಪ್ಪ ಒಳ್ಳೆಯ ನೇಕಾರ. ಆತನ ಸೀರೆಯ ಸೆರಗು ನೋಡಿದವರು ಆ ಕೈ ಹೊಡೆಯುವ ಕೈ ಎಂದು ನಂಬುತ್ತಿರಲಿಲ್ಲ. ಸೀರೆ ಒಯ್ದು ಕೊಟ್ಟಾಗ ಸಾಹುಕಾರ ಒಂದು ಎಳೆ ತಪ್ಪಿದ್ದನ್ನು ಎತ್ತಿ ಆಡಿದರೆ ಅಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಮನೆಗೆ ಬಂದು ಹೆಂಡತಿ ಶಿವಲಿಂಗವ್ವನ ತುರುಬು ಹಿಡಿದು ತಲೆಯನ್ನು ಗೋಡೆಗೆ ಗುದ್ದುತ್ತಿದ್ದ. ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಅಂತಾರಲ್ಲ, ಹಾಗೆ. ಚೇತನಾ ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅಪ್ಪನ ಚಪ್ಪಲಿಯ ಸಪ್ಪಳ ಕೇಳಿದ್ದೇ ತಡ, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಎರಡು ಸಾವಿರದ ಮೂರರ ಜನವರಿಯಲ್ಲಿ ಶಿವಲಿಂಗವ್ವ ಮಗಳನ್ನು ನಮ್ಮ ದವಾಖಾನೆಗೆ ಕರೆತಂದಳು. ಡಾಕ್ಟರು ಒತ್ತಿ ನೋಡಿದರು, ಏನೂ ಸಿಗಲಿಲ್ಲ, ಒಂದು ಬಾಟಲಿ ಔಷಧ ಬರೆದರು. ಬಾಗಿಲಲ್ಲಿ ಗುರಲಿಂಗಪ್ಪ ನಿಂತಿದ್ದ. ಮಗಳಿಗೆ ಏನಾಗಿದೆ ಎಂದು ನನ್ನನ್ನು ಕೇಳಿದ. ನನಗೆ ಆತನ ಮೋರೆ ಕಂಡರೆ ಆಗುತ್ತಿರಲಿಲ್ಲ. ಚುಚ್ಚಬೇಕೆಂದೇ ಹೇಳಿದೆ: "ಏನೂ ಇಲ್ಲ. ನಿನ್ನ ಅಂಜಿಕೀನ ಆಕೀ ಬ್ಯಾನಿ."

ಆತ ಮೊದಲಿನ ಎರಡು ಶಬ್ದ ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ಉಗುಳಿ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಕೂಸು ಹೊಟ್ಟೆ ಹಿಡಿದರೆ ಸಾಕು, ನರ್ಸಬಾಯಿಯೇ ಏನೂ ಇಲ್ಲ ಅಂದಿದ್ದಾಳೆ, ಇದು ಕೆಲಸ ತಪ್ಪಿಸುವ ನಾಟಕ ಎಂದು ಹೊಡೆಯತೊಡಗಿದ. ಅಲ್ಲಿಯವರೆಗೆ ತಾಯಿಗೆ ಬೀಳುತ್ತಿದ್ದ ಏಟು ಈಗ ಮಗಳ ನೋವಿಗೇ ಬೀಳತೊಡಗಿತು. ಒಮ್ಮೆ ರಟ್ಟೆ ಹಿಡಿದು ಎತ್ತಿ ಮಗ್ಗದ ಕಂಬಕ್ಕೆ ಎಸೆದ. ಹುಬ್ಬು ಸೀಳಿ ಬಂದಳು, ನಾಲ್ಕು ಹೊಲಿಗೆ. ಡಾಕ್ಟರು ಹೊಲಿಯುವಾಗ ಆಕೆಯ ತಲೆ ಹಿಡಿದವಳು ನಾನು. ಬಿದ್ದಳು ಎಂದು ಆತ ಹೇಳಿದ. ರಿಜಿಸ್ಟರಿನಲ್ಲಿ 'ಬಿದ್ದದ್ದು' ಎಂದು ಬರೆದವಳೂ ನಾನೇ. ಹೊರಗೆ ಕ್ಯೂ ಇತ್ತು, ನನಗೆ ಜಗಳ ಬೇಕಿರಲಿಲ್ಲ. ಜಗಳಗಂಟಿ ಎಂದು ಹೆಸರು ಪಡೆದವಳು ಬೇಕಾದ ದಿನ ಬಾಯಿ ಮುಚ್ಚಿಕೊಂಡೆ.

ಆ ಶ್ರಾವಣದ ಒಂದು ಬೆಳಿಗ್ಗೆ ಚೇತನಾ ವಾಂತಿ ಮಾಡಿಕೊಂಡಳು. ರಾತ್ರಿ ಹೊಕ್ಕುಳ ಸುತ್ತ ಇದ್ದ ನೋವು ಬೆಳಗಾಗುವಷ್ಟರಲ್ಲಿ ಕೆಳಗೆ ಬಲಕ್ಕೆ ಬಂದು ಕೂತಿತ್ತು. ಎದ್ದು ಕಂಡಿಕೆ ಸುತ್ತು ಎಂದ ಅಪ್ಪ. ಏಳದಿದ್ದಾಗ ಬೆನ್ನಿಗೆ ಒದ್ದ. ಒದ್ದು ಚಹಾ ಕುಡಿಯಲು ಹೋದ. ಶಿವಲಿಂಗವ್ವ ಮಗಳನ್ನು ಎತ್ತಿಕೊಂಡು ರೇಣವ್ವನ ಮನೆಗೆ ಓಡಿದಳು. ಮುಂದೆ ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಶಿವಲಿಂಗವ್ವನೇ.

ರೇಣವ್ವ ಎಂದಿನಂತೆ ಕೂಸನ್ನು ಕುಣಿಯ ದಂಡೆಗೆ ನಿಲ್ಲಿಸಿದಳು. ರೇಣವ್ವನನ್ನು ಆಯಿ ಎಂದೇ ಕರೆಯುತ್ತಿದ್ದ ಚೇತನಾಳಿಗೆ ಆ ಜಿಗಿತವೆಂದರೆ ಖುಷಿ. ಹೊಟ್ಟೆ ನೋವು ಎಂದು ಬಂದು ಮೂರು ಮೂರು ಸಲ ಜಿಗಿದು, ಎಣ್ಣೆ ಬೇಡವೇ ಬೇಡ ಎಂದು ನಗುತ್ತ ಹೋದ ದಿನಗಳಿದ್ದವು. ಅಂದು ಕೆಳಗೆ ನೋಡಿದಳು. ಬಲಗಾಲು ಮಡಚಿಕೊಂಡು ಮೆಲ್ಲಗೆ ಅಲ್ಲೇ ಕೂತಳು. "ಒಲ್ಲೆ ಆಯಿ" ಎಂದಳು.

ರೇಣವ್ವ ಎಣ್ಣೆಯ ಬಾಟಲಿಯನ್ನು ಗೂಡಿನಲ್ಲಿ ತಿರುಗಿ ಇಟ್ಟಳು. ಅಹ್ಮದಸಾಬನ ಜೀಪು ಕರೆಸಿ, ದವಾಖಾನೆಗೆ ಹೋಗಬೇಕು ಎಂದು ಪಕ್ಕದ ಮನೆಗೆ ಕೂಗಿ ಹೇಳಿದಳು. ಜೀಪಿಗಿಂತ ಮೊದಲು ಗುರಲಿಂಗಪ್ಪ ಬಂದ.

ಆತ ಬಂದವನೇ ಮಗಳ ಜಡೆಗೆ ಕೈ ಹಾಕಿ ನೆಲದ ಮೇಲೆ ದರದರ ಎಳೆದ. ಕೂಸು ಹೊಟ್ಟೆ ಬಿಟ್ಟು ಹೊಸ್ತಿಲು ಹಿಡಿಯಿತು. ಶಿವಲಿಂಗವ್ವ ಅಡ್ಡ ಬಿದ್ದಳು, ಎದೆಗೆ ಒದೆತ ತಿಂದು ಉರುಳಿದಳು. ರೇಣವ್ವ ಮಗ್ಗದ ಮೇಲೆ ಬಿದ್ದಿದ್ದ ಹಳೆಯ ಲಾಳಿಯನ್ನು ಎತ್ತಿಕೊಂಡಳು. ಎರಡೂ ತುದಿಗೆ ಕಬ್ಬಿಣ ಬಡಿದ ಭಾರದ ಲಾಳಿ ಅದು. ಅದರಿಂದ ಆತನ ಹಣೆಗೆ ಹೊಡೆದಳು. ಚರ್ಮ ಹರಿದು ಕಣ್ಣಿನೊಳಗೆ ರಕ್ತ ಇಳಿಯಿತು. ಜಡೆ ಹಿಡಿದ ಕೈ ಸಡಿಲಾಯಿತು. ಇನ್ನೊಮ್ಮೆ ಹೊಡೆದಳು, ಅದು ಕಿವಿಗೆ ಬಿತ್ತು.

ಆತ ಆಕೆಯನ್ನು ಕುಣಿಗೆ ನೂಕಿದ. ಐವತ್ತೈದು ದಾಟಿದ ಹೆಂಗಸು, ಬೆನ್ನು ಮೇಲಾಗಿ ಬಿದ್ದಳು. ಏಳಲು ಬಲಗೈಯನ್ನು ದಂಡೆಯ ಮೇಲೆ ಇಟ್ಟಳು. ಗುರಲಿಂಗಪ್ಪ ಮಗ್ಗದಿಂದ ಕಳಚಿಟ್ಟ ಒಂದು ದಪ್ಪ ಕಟ್ಟಿಗೆ ಎತ್ತಿ ಆ ಕೈಯ ಮೇಲೆ ಹೊಡೆದ. ಮೂರು ಸಲ ಹೊಡೆದ. ಮೂರನೆಯದಕ್ಕೆ ಎಲುಬು ಮುರಿದ ಸಪ್ಪಳ ಹೊರಗಿನವರಿಗೂ ಕೇಳಿತಂತೆ. ಹೊರಗಿನವರೆಂದರೆ ಓಣಿಯವರು, ಹತ್ತು ಹನ್ನೆರಡು ಮಂದಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ನೆನೆಯುತ್ತ ನಿಂತಿದ್ದರು. ಆ ಗಾದೆ ಕಟ್ಟಿದವನು ಸಿಕ್ಕಿದ್ದರೆ ಅವನಿಗೂ ಒಂದು ಲಾಳಿಯ ಏಟು ಹಾಕಬೇಕಿತ್ತು. ಕೊನೆಗೆ ಶಿವಲಿಂಗವ್ವ ಗಂಡನ ತೋಳಿಗೆ ಬಾಯಿ ಹಾಕಿ ಕಚ್ಚಿ ಹಿಡಿದಳು, ಅಷ್ಟರಲ್ಲಿ ಬಂದ ಅಹ್ಮದಸಾಬ ಆತನನ್ನು ಕೆಡವಿ, ಆತನದೇ ಟವೆಲಿನಿಂದ ಮಗ್ಗದ ಕಂಬಕ್ಕೆ ಕಟ್ಟಿದ.

ಜೀಪು ನಮ್ಮ ದವಾಖಾನೆಯ ಮುಂದೆ ನಿಂತಾಗ ಡಾಕ್ಟರು ಹುನಗುಂದಕ್ಕೆ ಹೋಗಿದ್ದರು. ರೇಣವ್ವನ ಬಲಗೈ ಕಪ್ಪಗಾಗಿ ಊದಿ, ಬೆರಳುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ನಾನು ಅದನ್ನು ಹಿಡಿಯಹೋದೆ. "ಕೈ ಬಿಡ್ರಿ. ಹೊಟ್ಟಿ ನೋಡ್ರಿ" ಎಂದಳು. ಚೇತನಾಳ ಹೊಟ್ಟೆ ಒತ್ತಿದೆ. ಬಲಗಡೆ ಹಲಗೆಯ ಹಾಗೆ ಗಟ್ಟಿ. ಅಪೆಂಡಿಕ್ಸ್ ಎಂದು ಹೇಳಲು ಡಾಕ್ಟರು ಬೇಕಿರಲಿಲ್ಲ. ಆಪರೇಷನ್ ಆಗುವುದು ಬಾಗಲಕೋಟೆಯಲ್ಲಿ. ಬಾಗಿಲು ಎಳೆದುಕೊಂಡು ನಾನೂ ಜೀಪು ಹತ್ತಿದೆ.

ಕೂಸು ರೇಣವ್ವನ ತೊಡೆಯ ಮೇಲೆ ಮಲಗಿತ್ತು. ಹುನಗುಂದ ದಾಟಿದ ಮೇಲೆ ರಸ್ತೆ ಪೂರಾ ತಗ್ಗು. ಪ್ರತಿ ತಗ್ಗಿಗೂ ಚೇತನಾ ಚೀರುತ್ತಿದ್ದಳು. ಅಹ್ಮದಸಾಬ ಮೆಲ್ಲಗೆ ಹೋದರೆ ಹೊತ್ತಾಗುತ್ತದೆ, ಜೋರು ಹೋದರೆ ಕೂಸು ಸಾಯುತ್ತದೆ ಎಂದು ತನ್ನನ್ನೇ ಬೈದುಕೊಳ್ಳುತ್ತ ನಡೆಸುತ್ತಿದ್ದ. ಶಿವಲಿಂಗವ್ವ ಬನಶಂಕರಿಗೆ ಹರಕೆಯ ಮೇಲೆ ಹರಕೆ ಹೊರುತ್ತಿದ್ದಳು.

ಕಮತಗಿ ದಾಟಿದ್ದೆವು. ಚೀರಾಟ ನಿಂತಿತು. ಚೇತನಾ ಕಣ್ಣು ತೆರೆದು, ಬೆವರಿನ ಮುಖದಲ್ಲಿ ನಕ್ಕಳು. "ಆಯಿ, ಈಗ ನೋವಿಲ್ಲ" ಎಂದಳು.

ಶಿವಲಿಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಖುಷಿಗೆ ಅತ್ತಳು. ಅಹ್ಮದಸಾಬ ಜೀಪು ನಿಧಾನ ಮಾಡಿ, ತಿರುಗಿಸಲೇ ಎಂದು ನನ್ನನ್ನು ಕೇಳಿದ. ನಾನು, ಮೂರು ವರ್ಷ ಓದಿ ಸರ್ಟಿಫಿಕೇಟು ತೆಗೆದುಕೊಂಡವಳು, ಒಂದಿಷ್ಟು ನಿಲ್ಲಿಸು ನೋಡೋಣ ಎಂದೆ. ಅಪ್ಪನಿಂದ ದೂರ ಬಂದಳು, ಅಂಜಿಕೆ ಇಳಿಯಿತು, ನೋವೂ ಇಳಿಯಿತು ಎಂದುಕೊಂಡೆ. ಅಷ್ಟು ಹೊತ್ತು ಹೆದರಿದ್ದ ನನಗೂ ಅದೇ ಬೇಕಾಗಿತ್ತು.

ರೇಣವ್ವನ ಮುಖ ಮಾತ್ರ ಸುಣ್ಣದ ಹಾಗೆ ಬಿಳಿಚಿತ್ತು. ಮುರಿದ ಕೈಯನ್ನು ಎದೆಗೆ ಹಿಡಿದು ಆಕೆ ಹೇಳಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ನನ್ನ ವೀರೇಶ ಏಳು ವರ್ಷದಂವ ಇದ್ದ. ಅವರಪ್ಪ ಹೊಡಿದಾಗೊಮ್ಮೆ ಹೊಟ್ಟಿನೋವು ಅಂತಿದ್ದ. ಒಂದಿನಾ ಬಲಕ್ಕ ಹಿಡಕೊಂಡು ಬಂದ. ನಮ್ಮತ್ತಿ ಕಾಲು ಹಿಡದಳು, ನಾ ಎಣ್ಣಿ ಹಚ್ಚಿ ತಿಕ್ಕಿದೆ. ಬ್ಯಾಡ ಯವ್ವಾ ಅಂತ ಒದರಿದ, ಬಿಡಲಿಲ್ಲ. ಈ ಅಂಗೈ ಕೆಳಗ ಏನೋ ಸಡ್ಲಾತು. ಈಗ ನೋವಿಲ್ಲ ಯವ್ವಾ ಅಂದ, ನಕ್ಕ, ಅನ್ನ ಕೇಳಿದ. ಮೂರನೇ ದಿನಕ್ಕ ಹೆಣಾ ಆದ. ಅಹ್ಮದಸಾಬ, ಗಾಡಿ ಓಡಸು."

ಅಹ್ಮದಸಾಬ ಓಡಿಸಿದ. ಮುಂದೆ ತಗ್ಗು ನೋಡಲಿಲ್ಲ, ದಿಣ್ಣೆ ನೋಡಲಿಲ್ಲ. ಬಾಗಲಕೋಟೆ ಮುಟ್ಟುವಷ್ಟರಲ್ಲಿ ಕೂಸಿನ ಮೈ ಕಾದು, ಹೊಟ್ಟೆ ಉಬ್ಬತೊಡಗಿತ್ತು.

ಆಪರೇಷನ್ ಮಾಡಿದವರು ಪ್ರೀತಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಹೊರಗೆ ಬಂದು, ಒಳಗೇ ಒಡೆದಿತ್ತು, ನೋವು ನಿಂತದ್ದು ಅದಕ್ಕೇ, ಎಲ್ಲ ತೊಳೆದಿದ್ದೇವೆ, ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಜೀಪು ತಿರುಗಿಸಿದ್ದರೆ ಎಂದು ನಾನು ಕೇಳಲಿಲ್ಲ. ವರಾಂಡದ ಗೋಡೆಗೆ ಮುಖ ಹಚ್ಚಿ ಅತ್ತೆ. ಅತ್ತು ಬಂದು ರೇಣವ್ವನನ್ನು ಬೈದೆ, ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು. ಆಗ ಆಕೆಯ ಕೈಗೆ ಪ್ಲಾಸ್ಟರು ಹಾಕುತ್ತಿದ್ದರು. ಯಾವ ತಾಯಿ ಹೇಳ್ತಾಳ್ರಿ ಬಾಯಾರ, ಎಂದಳು ಅಷ್ಟೆ. ಮಗ ಸತ್ತ ಮೇಲೆ ಬಟ್ಟಿ ತಿಕ್ಕುವುದನ್ನು ಯಾಕೆ ಬಿಡಲಿಲ್ಲವೆಂದು ಆಮೇಲೆ ಒಮ್ಮೆ ಕೇಳಿದೆ. ತಾನು ಬಿಟ್ಟರೆ ಮಕ್ಕಳನ್ನು ಬೇರೆಯವರ ಹತ್ತಿರ ಒಯ್ಯುತ್ತಾರೆ, ಅವರು ಎಲ್ಲರ ಹೊಟ್ಟೆಯನ್ನೂ ತಿಕ್ಕುತ್ತಾರೆ ಎಂದಳು.

ಚೇತನಾ ಹದಿನೆಂಟು ದಿನ ವಾರ್ಡಿನಲ್ಲಿದ್ದಳು. ಪ್ರೀತಿ ಡಾಕ್ಟರು ಆಗ ಒಂದು ಅಧ್ಯಯನ ಮಾಡುತ್ತಿದ್ದರು. ಮಕ್ಕಳ ಎಂಜಲನ್ನು ಬೆಳಿಗ್ಗೆ ಬಾಯಿ ಮುಕ್ಕಳಿಸುವ ಮೊದಲು ಒಮ್ಮೆ, ಸಂಜೆ ಒಮ್ಮೆ ಸಣ್ಣ ಬಾಟಲಿಯಲ್ಲಿ ಹಿಡಿಯುತ್ತಿದ್ದರು. ಅಂಜಿದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ರಸ ಏರುತ್ತದೆ, ಅದರ ಪ್ರಮಾಣಕ್ಕೂ ಅಪೆಂಡಿಕ್ಸ್ ಬೇನೆಗೂ ಸಂಬಂಧವಿದೆಯೇ ಎಂದು ನೋಡುತ್ತಿದ್ದೇವೆ ಎಂದು ವಿವರಿಸಿದರು. ಶಿವಲಿಂಗವ್ವ ಹೆದರಿದಳು. ಎಂಜಲು ಪರರ ಕೈಗೆ ಕೊಟ್ಟರೆ ಮಾಟ ಮಾಡಿಸುತ್ತಾರೆ ಎಂಬುದು ನಮ್ಮಲ್ಲಿ ಮೂರು ವರ್ಷದ ಕೂಸಿಗೂ ಗೊತ್ತು. ರೇಣವ್ವ ಒಂದು ಬಾಟಲಿ ಇಸಿದುಕೊಂಡು, ಮಾಟ ಆಗುವುದಿದ್ದರೆ ಮೊದಲು ತನಗೇ ಆಗಲಿ ಎಂದು ಅದರಲ್ಲಿ ಉಗುಳಿದಳು. ಡಾಕ್ಟರು ನಕ್ಕು, ಅಜ್ಜಿ, ಮಕ್ಕಳದು ಮಾತ್ರ ಬೇಕು ಎಂದರು.

ಆಮೇಲೆ ರೇಣವ್ವ ತನ್ನ ಪ್ರಶ್ನೆ ಕೇಳಿದಳು. ಅಂಜಿಕೆಯಿಂದಲೇ ಈ ಬೇನೆ ಬರುತ್ತದೆಯೇ? ಡಾಕ್ಟರು ಪ್ರಾಮಾಣಿಕರು, ಗೊತ್ತಿಲ್ಲ ಎಂದರು. ಹೌದು ಎನ್ನಲೂ ಆಗದು, ಅಲ್ಲ ಎನ್ನಲೂ ಆಗದು, ಬಹಳ ಮಕ್ಕಳನ್ನು ನೋಡಬೇಕು, ವರ್ಷಗಳು ಬೇಕು.

"ನೋಡ್ರಿ ಯವ್ವಾ, ಬ್ಯಾಡ ಅನ್ನೂದಿಲ್ಲ" ಎಂದಳು ರೇಣವ್ವ. "ನಿಮಗ ಗೊತ್ತಾಗೂ ತನಕ ಮಕ್ಕಳನ್ನ ಹೊಡಿಯೂದು ನಿಂದರಸಾಕ ಏನ ಅಡ್ಡಿ?"

ಡಾಕ್ಟರು ಬಾಟಲಿಯ ಮುಚ್ಚಳ ತಿರುಗಿಸಿ, ಅದರ ಮೇಲೆ ಚೇತನಾಳ ಹೆಸರು ಬರೆದರು.

ಮನೆಗೆ ಕಳಿಸುವ ದಿನ ನಾನೂ ಹೋಗಿದ್ದೆ. ಗುರಲಿಂಗಪ್ಪ ಓಣಿಯ ಇಬ್ಬರು ಹಿರಿಯರನ್ನು ಕರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹೆಂಡತಿ ಮಗಳನ್ನು ಒಯ್ಯಲು ಬಂದಿದ್ದ. ಹಣೆಯ ಮೇಲೆ ಲಾಳಿಯ ಗುರುತು ಇನ್ನೂ ಕೆಂಪಗಿತ್ತು. ಹಿರಿಯರು ಆದದ್ದಾಯಿತು, ಸಂಸಾರ ಎಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಶುರು ಮಾಡಿದ್ದರು. ಶಿವಲಿಂಗವ್ವ ನೆಲ ನೋಡುತ್ತ ಗಂಟು ಕಟ್ಟುತ್ತಿದ್ದಳು. ಕೂಸು ಮತ್ತೆ ಅದೇ ಮನೆಗೆ ಹೋಗಲಿತ್ತು.

ಅಧ್ಯಯನದ ಫಾರ್ಮು ತುಂಬುವುದಿತ್ತು. ಮನೆಯಲ್ಲಿ ಮಗುವಿಗೆ ಭಯವಾಗುವಂಥದ್ದು ಏನಾದರೂ ಇದೆಯೇ ಎಂದು ಪ್ರೀತಿ ಡಾಕ್ಟರು ಓದಿದರು.

"ಏನೂ ಇಲ್ಲರಿ" ಎಂದ ಗುರಲಿಂಗಪ್ಪ.

ನನ್ನದೇ ಮಾತು, ಆತನ ಬಾಯಲ್ಲಿ. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ. ಈ ಹುಡುಗಿಯ ಹುಬ್ಬಿನ ಹೊಲಿಗೆಗೆ ರಿಜಿಸ್ಟರಿನಲ್ಲಿ ಬಿದ್ದದ್ದು ಎಂದು ಸುಳ್ಳು ಬರೆದವಳು ನಾನು, ಎಸೆದದ್ದು ಈತ, ಬೇಕಾದರೆ ನನ್ನ ಕೆಲಸ ಹೋಗಲಿ ಎಂದೆ. ರೇಣವ್ವ ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲೆ ಫಾರ್ಮಿನ ಪಕ್ಕ ಇಟ್ಟಳು. "ಇದನ್ನೂ ಬರಕೋರಿ" ಎಂದಳು.

ಶಿವಲಿಂಗವ್ವ ಗಂಟು ಕಟ್ಟುವುದನ್ನು ನಿಲ್ಲಿಸಿದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಆಕೆ ನಾಲ್ಕು ಮಂದಿಯ ಮುಂದೆ ಗಂಡನಿಗೆ ಎದುರಾಡಿದ್ದು ಅದೊಂದೇ ಸಲ. "ನಾ ಬರೂದಿಲ್ಲ. ಮಗಳನ್ನೂ ಕೊಡೂದಿಲ್ಲ" ಎಂದಳು.

ಗುರಲಿಂಗಪ್ಪ ಕೈ ಎತ್ತಿದ. ವಾರ್ಡು, ಡಾಕ್ಟರು, ಹಿರಿಯರು ಯಾವುದೂ ಆತನಿಗೆ ಕಾಣಲಿಲ್ಲ. ಮಂಚದ ಮೇಲೆ ಕೂತಿದ್ದ ಚೇತನಾ ಎರಡೂ ಕೈಯಿಂದ ಹೊಟ್ಟೆ ಹಿಡಿದು ಮುದುಡಿದಳು. ತೆಗೆದುಹಾಕಬೇಕಾದ್ದನ್ನು ಅಲ್ಲಿಂದ ತೆಗೆದು ಹದಿನೆಂಟು ದಿನ ಆಗಿತ್ತು. ಎಲ್ಲರೂ ಆ ಎರಡು ಕೈಗಳನ್ನು ನೋಡಿದರು. ಹಿರಿಯರಲ್ಲಿ ಒಬ್ಬಾತ, ದುರ್ಗಪ್ಪ, ಅಂದು ಬಾಗಿಲಲ್ಲಿ ಗಾದೆ ಹೇಳುತ್ತ ನಿಂತಿದ್ದವನೇ, ಎದ್ದು ಗುರಲಿಂಗಪ್ಪನ ಮಣಿಕಟ್ಟು ಹಿಡಿದು ಹೊರಗೆ ಎಳೆದೊಯ್ದ. ಡಾಕ್ಟರು ಫಾರ್ಮಿನ ಆ ಸಾಲು ತುಂಬಿದರು.

ಪೊಲೀಸ್ ಕೇಸಾಯಿತು, ನಮ್ಮ ಕಡೆ ಆಗುವಂತೆ ರಾಜಿಯೂ ಆಯಿತು. ರಾಜಿಯಲ್ಲಿ ರೇಣವ್ವ ಕೇಳಿದ್ದು ಒಂದೇ, ಆತ ಈ ಓಣಿಗೆ ಕಾಲಿಡಬಾರದು. ಆತ ಬಾದಾಮಿಯ ಕಡೆ ಹೋದ. ತಾಯಿ ಮಗಳು ರೇಣವ್ವನ ಮನೆಗೆ ಬಂದರು. ನನ್ನ ಕೆಲಸ ಹೋಗಲಿಲ್ಲ. ಮಾಲೀಕರು ಎರಡು ತಿಂಗಳು ಮೋರೆ ಕೊಟ್ಟು ಮಾತಾಡಲಿಲ್ಲ, ಅಷ್ಟೆ. ರೇಣವ್ವನ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಎಣ್ಣೆ ತಿಕ್ಕುವುದು ಅಲ್ಲಿಗೆ ಮುಗಿಯಿತು. ಆದರೂ ತಾಯಂದಿರು ಮಕ್ಕಳನ್ನು ತರುವುದು ನಿಲ್ಲಲಿಲ್ಲ, ಆಕೆ ಜಿಗಿಸುವುದನ್ನೂ ನಿಲ್ಲಿಸಲಿಲ್ಲ. ಜಿಗಿಯದವರನ್ನು ನಾನು ಕ್ಯೂ ಬಿಡಿಸಿ ಒಳಗೆ ಕರೆದುಕೊಳ್ಳುತ್ತಿದ್ದೆ.

ಮುಂದಿನ ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಅವರ ಮನೆಗೆ ಹೋದೆ. ಶಿವಲಿಂಗವ್ವ ಆ ಹಳೆಯ ಮಗ್ಗವನ್ನು ಒರೆಸುತ್ತಿದ್ದಳು, ಮರುದಿನದಿಂದ ನೇಯುವುದೆಂದು ಮಾತಾಗಿತ್ತು. ಚೇತನಾ ಕುಣಿಯ ದಂಡೆಗೆ ಬಂದು ನಿಂತು ಕೆಳಗೆ ನೋಡಿದಳು. ಹೊಟ್ಟೆ ಕೊಯ್ದು ಇನ್ನೂ ಆರು ತಿಂಗಳಾಗಿಲ್ಲ, ಬೇಡ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಜಿಗಿದಳು. ಧಡ್ ಎಂದು ಕಾಲೂರಿ, ಕುಣಿಯೊಳಗಿಂದ ತಲೆ ಎತ್ತಿ, ಮತ್ತೆ ಜಿಗಿಯಲೇ ಆಯಿ ಎಂದು ಕೇಳಿದಳು. ಆಪರೇಷನ್ ದಿನವಾಗಲಿ, ಕೈ ಮುರಿದ ದಿನವಾಗಲಿ ಅಳದ ರೇಣವ್ವ ಗೋಡೆಗೆ ಒರಗಿ ಕೂತು, ವೀರೇಶಾ, ವೀರೇಶಾ ಎಂದು ಓಣಿಗೆಲ್ಲ ಕೇಳುವಂತೆ ಅತ್ತಳು. ನಾನು ಪಕ್ಕದಲ್ಲಿ ಕೂತು ಆ ಸೊಟ್ಟ ಕೈ ಹಿಡಿದುಕೊಂಡೆ. ಅಂದು ಮಾತ್ರ ಬೈಯಲಿಲ್ಲ.